ಹಾಲಯ್ಯ ಸರ್ ಉಂಡ ತಾಟು

ಹಾಲಯ್ಯ ಸರ್ ಬರುವುದಕ್ಕಿಂತ ಮೊದಲು ಅವರ ವಾಸನೆ ಬರುತ್ತಿತ್ತು. ಕೆಟ್ಟ ಬೆಣ್ಣೆಯ ಮೇಲೆ ಕೂಸು ಹಾಲು ಕಕ್ಕಿ, ಅದನ್ನು ಯಾರೋ ಮರೆತು ಬಿಸಿಲಲ್ಲಿ ಇಟ್ಟರೆ ಹೇಗೋ ಹಾಗೆ. ಹೀಗೆ ಬರೆಯಲು ನನಗೆ ಯಾವ ಸಂಕೋಚವೂ ಇಲ್ಲ, ಯಾಕೆಂದರೆ ಈ ವರ್ಣನೆ ಅವರದೇ. ಹಾನಗಲ್ಲಿನ ಜೂನಿಯರ್ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು, ನಾನು ಜೀವಶಾಸ್ತ್ರ. ಎರಡು ಪ್ರಯೋಗಶಾಲೆಗಳಿಗೂ ನಡುವೆ ಒಂದೇ ಗೋಡೆ. ಆ ಕಡೆ ಅವರು ಕಂದು ಬಣ್ಣದ ಒಂದು ಬಾಟಲಿಯ ಬಿರಡೆ ತೆಗೆದರೆ ಈ ಕಡೆ ನನ್ನ ಹುಡುಗರು ಕಪ್ಪೆಯನ್ನು ಟ್ರೇಯಲ್ಲೇ ಬಿಟ್ಟು ಕಿಟಕಿಗೆ ಓಡುತ್ತಿದ್ದರು. ಕಪ್ಪೆಗೆ ಓಡುವ ಭಾಗ್ಯ ಇರಲಿಲ್ಲ.

ಆ ಬಾಟಲಿಯಲ್ಲಿದ್ದದ್ದು ಬ್ಯುಟಿರಿಕ್ ಆಮ್ಲ. ಬೇರೆ ಊರಿನ ಅಧ್ಯಾಪಕರು ಅದನ್ನು ಹಲಗೆಯ ಮೇಲೆ ಬರೆದು ಮುಗಿಸುತ್ತಿದ್ದರೇನೋ. ಹಾಲಯ್ಯ ಸರ್ ಮಾತ್ರ ಪ್ರತಿ ವರ್ಷ ಬಾಟಲಿ ತೆಗೆದು ತೋರಿಸಲೇಬೇಕು. "ಬೆಣ್ಣಿ ಒಳಗ ಇಂವಾ ಮೊದಲಿಂದಲೂ ಇರ್ತಾನ್ರೋ. ಬ್ಯಾರೇದವ್ರು ಕೈ ಹಿಡಕೊಂಡಿರ್ತಾರ, ಅದಕ್ಕ ಸುಮ್ನ ಇರ್ತಾನ. ಕೈ ಬಿಟ್ರ ನೋಡ್ರಿ, ಊರಿಗೆಲ್ಲಾ ಗೊತ್ತಾಗತೈತಿ" ಎನ್ನುತ್ತಿದ್ದರು. ಆಮೇಲೆ ಅದೇ ಆಮ್ಲಕ್ಕೆ ಸ್ವಲ್ಪ ಸ್ಪಿರಿಟ್ಟು, ನಾಲ್ಕು ಹನಿ ಗಂಧಕಾಮ್ಲ ಸೇರಿಸಿ, ಪ್ರನಾಳವನ್ನು ಬಿಸಿನೀರಲ್ಲಿ ಹಿಡಿದು, ಒಂದು ಬಟ್ಟಲು ನೀರಿಗೆ ಸುರಿಯುತ್ತಿದ್ದರು. ಕೋಣೆ ತುಂಬ ಅನಾನಸ್ ಹಣ್ಣಿನ ಘಮ. ಓಡಿಹೋದ ಹುಡುಗರು ಮೂಗು ಅರಳಿಸಿಕೊಂಡು ವಾಪಸು ಬರುತ್ತಿದ್ದರು. "ಜೋಡಿ ಸಿಕ್ರ ಅನಾನಸು, ಒಬ್ಬನ ಇದ್ರ ಕಮಟು" ಎಂದು ಹೇಳಿ ಅವರೊಬ್ಬರೇ ನಗುತ್ತಿದ್ದರು. ಅವರಿಗೆ ಲಗ್ನವಾಗಿರಲಿಲ್ಲ. ಹುಡುಗರು ಅವರಿಗಿಟ್ಟ ಹೆಸರು ಕಮಟು ಸರ್.

ಮೂವತ್ತು ದಾಟಿದ ಆಳು, ಆದರೆ ಅಂಗಿ ಯಾವಾಗಲೂ ಅಣ್ಣನದನ್ನು ಹಾಕಿಕೊಂಡ ಹಾಗೆ ಜೋತಾಡುತ್ತಿತ್ತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯುತ್ತ ಹೋಗಿ, ಉಳಿದ ತುದಿ ಅರ್ಧ ಸೊಂಟ ಸುತ್ತುತ್ತಿತ್ತು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾವೆಲ್ಲ ಡಬ್ಬಿ ಬಿಚ್ಚಿದಾಗ ಅವರು ಪ್ರಯೋಗಶಾಲೆಯ ಹಿಂದಿನ ಸಣ್ಣ ಕೋಣೆಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದರು. ಬಸ್ಸು ಹತ್ತಿದರೆ ಬಾಗಿಲ ಪಕ್ಕದ ಸೀಟೇ ಆಗಬೇಕು. ಬೇರೆಯವರು ಕುಳಿತಿದ್ದರೆ ಇಡೀ ಬಸ್ಸು ಖಾಲಿ ಇದ್ದರೂ ಬಾಗಿಲಲ್ಲೇ ನಿಂತು ಬರುತ್ತಿದ್ದರು. ಬಾಡಿಗೆ ಮನೆ ನೋಡಲು ಹೋದಾಗ ಅಡುಗೆ ಮನೆಯತ್ತ ಕಣ್ಣೆತ್ತಿಯೂ ನೋಡದೆ, ನೇರ ಹಿತ್ತಿಲಿಗೆ ಹೋಗಿ ಪಾಯಖಾನೆ ನೋಡಿ, "ಆತ್ರಿ, ನನಗ ಪಸಂದ ಐತಿ" ಎಂದಿದ್ದರಂತೆ. ಮನೆಯೊಡತಿ ಇದನ್ನು ಓಣಿಗೆಲ್ಲ ಹೇಳಿ ನಗಿಸಿದ್ದಳು. ನಾನೂ ನಕ್ಕಿದ್ದೆ.

ಅವರು ಹಿರೇಕೆರೂರಿನ ಕಡೆಯ ಜಂಗಮರ ಮನೆಯವರು. ಊರಲ್ಲಿ ಅಣ್ಣ ಅಯ್ಯನವರ ಕೆಲಸ ನೋಡಿಕೊಂಡಿದ್ದರು. ಜಂಗಮರಾದವರಿಗೆ ನಮ್ಮ ಕಡೆ ಊಟದಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಶ್ರಾವಣ ಬಂದರೆ ಸಾಕು, ಭಕ್ತರ ಮನೆಯವರು ಹಾದಿಗೆ ಅಡ್ಡ ನಿಂತು, "ಅಯ್ನಾರ, ಪ್ರಸಾದಕ್ಕ ಬರ್ರಿ" ಎಂದು ಕರೆಯುತ್ತಿದ್ದರು. ಅಯ್ಯನವರು ಉಣ್ಣದೆ ಮನೆಯವರು ಉಣ್ಣುವಂತಿಲ್ಲ. ಹಾಲಯ್ಯ ಸರ್ ಆ ತಿಂಗಳಿಡೀ ಸಾಲಗಾರರಿಗೆ ಹೆದರಿದವರ ಹಾಗೆ ಹಿಂದಿನ ಸಂದಿಗಳಲ್ಲಿ ಓಡಾಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಮಣೆ ಹಾಕಿ ಕಾದು ಕಾದು ಬೇರೆ ಅಯ್ಯನವರನ್ನು ಕರೆಸಿದರು. ಕಲಿತ ಸೊಕ್ಕು, ಪಗಾರದ ಸೊಕ್ಕು ಎಂದು ಊರು ತೀರ್ಮಾನ ಮಾಡಿತು.

ನಮ್ಮ ಮನೆಯ ತೀರ್ಮಾನ ಬೇರೆ ಇತ್ತು. ನನ್ನ ನೌಕರಿ ಕಾಯಂ ಆದಾಗ ಅವ್ವ ಸ್ಟಾಫಿನವರನ್ನೆಲ್ಲ ಊಟಕ್ಕೆ ಕರೆ ಎಂದಳು. ನಾವು ತಿಳವಳ್ಳಿಯ ಕೇರಿಯವರು. ಅಪ್ಪ ಬೌದ್ಧ ಧರ್ಮಕ್ಕೆ ಬಂದು, ಗೋಡೆಗೆ ಬುದ್ಧನ ಪಟ ಹಾಕಿ, ಆಮೇಲೆ ಬಹಳ ದಿನ ಉಳಿಯಲಿಲ್ಲ. ಅವ್ವ ಮಂದಿಯ ಗದ್ದೆಯಲ್ಲಿ ನಾಟಿ ಹಚ್ಚಿ ನನ್ನನ್ನು ಓದಿಸಿದಳು. ಆ ದಿನ ಕೆಲವರು ಬರಲಿಲ್ಲ. ಬಂದವರಲ್ಲಿ ಕೆಲವರು ಬಾಳೆಹಣ್ಣು ಸುಲಿದು ತಿಂದರು, ಇಬ್ಬರು ಮೂವರು ಮನಸಾರೆ ಉಂಡರು. ಹಾಲಯ್ಯ ಸರ್ ಬಂದು, ಚಾಪೆಯ ತುದಿಯಲ್ಲಿ ಕುಳಿತು, ಅವ್ವ ಕೊಟ್ಟ ತಂಬಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಾಗೆಯೇ ಕೆಳಗಿಟ್ಟರು. ನೀರನ್ನೂ ಕುಡಿಯಲಿಲ್ಲ.

"ಹೊಟ್ಟಿ ಸರಿ ಇಲ್ರಿ ಅವ್ವಾರ" ಎಂದರು.

"ಇರಲಿ ತಗೋರಿ ಅಯ್ನಾರ, ಬಂದ್ರೆಲ್ಲಾ, ಸಾಕು" ಎಂದು ಅವ್ವ ನಕ್ಕಳು. ಎಲ್ಲರೂ ಹೋದ ಮೇಲೆ ಉಳಿದ ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತ, "ನಮ್ಮನಿ ಹೊಸ್ತಿಲಾ ದಾಟಿದ ಕೂಡ್ಲೆ ಮಂದಿ ಹೊಟ್ಟಿ ಹೆಂಗ ಕೆಡತಾವ ನೋಡ" ಎಂದಳು. ಆ ಮೇಲೆ ಅವರ ಹೆಸರೆತ್ತಲಿಲ್ಲ.

ನಾನೂ ಅವ್ವನ ಹಾಗೆಯೇ ತಿಳಿದೆ. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಅದುವರೆಗೆ ಅವ್ವನ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಅದು ತಪ್ಪು ಎಂದು ಗೊತ್ತಾಗಿದ್ದು ಸವಣೂರಿನ ಬಸ್ಸಿನಲ್ಲಿ. ಅಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸಲು ನಮ್ಮಿಬ್ಬರನ್ನೂ ಕಳಿಸಿದ್ದರು. ಅಲ್ಲಿ ಸಿಗದ ಸಾಮಾನನ್ನು ಹಾಲಯ್ಯ ಸರ್ ಕಟ್ಟಿಗೆಯ ಪೆಟ್ಟಿಗೆಯೊಂದರಲ್ಲಿ ಹುಲ್ಲು ಹಾಕಿ ಜೋಡಿಸಿಕೊಂಡು, ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಪಕ್ಕ ಕುಳಿತಿದ್ದರು. ಅವರ ಪಕ್ಕದ ಸೀಟು ಎಂದಿನಂತೆ ಖಾಲಿ. ನಾನು ಹಿಂದಿನ ಸಾಲಿನಲ್ಲಿದ್ದೆ. ಅರ್ಧ ದಾರಿಯಲ್ಲಿ ಅವರು ಎದ್ದು ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದರು. "ಮುಂದ ಸ್ಟಾಪ್ ಐತ್ರಿ ಸರ್, ತಡೀರಿ ಸ್ವಲ್ಪ" ಎಂದು ಆತ ಸೀಟಿ ಊದಲಿಲ್ಲ. ಅವರು ಮತ್ತೆ ಕುಳಿತರು. ಅವರ ಕುತ್ತಿಗೆಯ ಮೇಲೆ ಬೆವರು ಹರಿಯುವುದು ನನಗೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ಅತ್ತಿತ್ತ ನೋಡತೊಡಗಿದಳು. ಆಗ ಹಾಲಯ್ಯ ಸರ್ ಪೆಟ್ಟಿಗೆಯ ಮುಚ್ಚಳ ಸರಿಸಿದರು. ಕಂದು ಬಾಟಲಿಯನ್ನು ಹೊರಗೆ ತೆಗೆದು, ಒಂದು ಕ್ಷಣ ಹಿಡಿದು, ಬೆರಳುಗಳನ್ನು ಬಿಡಿಸಿದರು.

ಬಾಟಲಿ ಜಾರಲಿಲ್ಲ. ಅವರು ಬಿಟ್ಟರು. ನಾನು ಕಣ್ಣಾರೆ ನೋಡಿದೆ.

ಮುಂದೆ ಆದ ಗದ್ದಲ ಹೇಳಬೇಕಾಗಿಲ್ಲ. ಬಸ್ಸು ನಿಂತಿತು, ಮಂದಿ ಕಿಟಕಿಯಿಂದಲೂ ಇಳಿದರು, ಒಬ್ಬ ಮುದುಕ ಗಟಾರದ ಪಕ್ಕ ಕುಳಿತು ವಾಂತಿ ಮಾಡಿಕೊಂಡ. "ಎಂಥಾ ಮಾಸ್ತರಾ ನೀವು, ಬಸ್ಸಿನ್ಯಾಗ ಇಂಥಾದ್ದು ತರ್ತಾರೇನ್ರಿ?" ಎಂದು ಎಲ್ಲರೂ ಬೈದರು. ಅವರು ಕೈ ಮುಗಿದು, "ತಪ್ಪಾತ್ರಿ, ಆಸಿಡ್ಡು ಚೆಲ್ಲಿತು, ಆಸಿಡ್ಡಿನ ವಾಸನಿರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಮತ್ತೆ ಮತ್ತೆ ಹೇಳಿದರು. ಬಸ್ಸನ್ನು ನೀರು ಹಾಕಿ ತೊಳೆದು, ಅವರನ್ನು ಅಲ್ಲೇ ಬಿಟ್ಟು ಹೊರಟರು. ನಾನು ಹತ್ತಲಿಲ್ಲ.

ರಸ್ತೆಯ ಪಕ್ಕ ಒಂದು ಕೆರೆ ಇತ್ತು. ಅವರು ಜಾಲಿ ಕಂಟಿಯ ಮರೆಗೆ ಹೋಗಿ, ಬಹಳ ಹೊತ್ತಿನ ಮೇಲೆ ಒದ್ದೆ ಪ್ಯಾಂಟಿನಲ್ಲಿ ಬಂದು, ನನ್ನಿಂದ ದೂರ ಏರಿಯ ಕಲ್ಲಿನ ಮೇಲೆ ಕುಳಿತರು.

"ಬೇಕಂತನ ಒಡದ್ರಿ" ಎಂದೆ.

"ಹೌದ್ರಿ ಅಕ್ಕೋರ." ಶಿಕ್ಷಕಿಯರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. "ಆಸಿಡ್ ವಾಸನಿ ಅಂದ್ರ ಮಂದಿ ಬೈತಾರ. ಮನಶ್ಯಾನ ವಾಸನಿ ಅಂದ್ರ ನಗತಾರ. ಬೈಸಿಕೊಳ್ಳೂದು ಹಗೂರ ಅನಸ್ತೈತ್ರಿ."

ಆಮೇಲೆ ನೀರನ್ನು ನೋಡುತ್ತಲೇ ಎಲ್ಲವನ್ನೂ ಹೇಳಿದರು. ಕಾಲೇಜಿನಲ್ಲಿ ಓದುವಾಗಲೇ ಹಿಡಿದ ರೋಗ. ದೊಡ್ಡ ಕರುಳಿನ ಒಳಗೆಲ್ಲ ಹುಣ್ಣು. ಹಿತ್ತಿಲಿಗೆ ಹೋದರೆ ರಕ್ತ, ಅದೂ ಯಾವಾಗ ಎಂದು ಹೇಳಿಕೇಳಿ ಬರುವುದಲ್ಲ. ಹುಬ್ಬಳ್ಳಿಯ ಡಾಕ್ಟರರು ರೊಟ್ಟಿ, ಕಾಳು, ಸೊಪ್ಪು, ಖಾರ ಎಲ್ಲ ಬಿಡಿಸಿ, ಗಂಜಿಯಷ್ಟು ಮೆತ್ತಗಿನ ಅನ್ನಕ್ಕೆ ತಂದು ನಿಲ್ಲಿಸಿದ್ದರು. ಎಲ್ಲಿಗಾದರೂ ಹೋಗುವುದಿದ್ದರೆ ಹಿಂದಿನ ದಿನದಿಂದಲೇ ಉಪವಾಸ. ನಮ್ಮ ಮನೆಯಲ್ಲಿ ನೀರನ್ನೂ ಮುಟ್ಟದೆ ಇದ್ದದ್ದು ಅದಕ್ಕೆ.

ಅಷ್ಟು ಹೇಳಿದ ಮೇಲೆ ಒಮ್ಮೆಲೆ ಅವರಲ್ಲಿನ ಮಾಸ್ತರು ಎದ್ದ. ಧಾರವಾಡದ ಗ್ರಂಥಾಲಯಕ್ಕೆ ಹೋಗಿ ಅವರು ತಮ್ಮ ರೋಗವನ್ನೇ ಓದಿಕೊಂಡು ಬರುತ್ತಿದ್ದರಂತೆ. "ಒಂದು ಮಜಾ ಹೇಳ್ತೇನಿ ಕೇಳ್ರಿ. ಮೈಯಾಗಿನ ಎಲ್ಲಾ ಕಡೀಗೂ ರಕ್ತ ಊಟಾ ಒಯ್ದು ಕೊಡತೈತಿ. ದೊಡ್ಡ ಕರುಳಿನ ಒಳಗೋಡಿ ಹಂಗಲ್ಲ. ಅದು ಹೆಚ್ಚಿನ ಊಟಾ ಒಳಗಿಂದನ ಉಣತೈತಿ. ನಾವು ಕರಗಿಸಲಾರದ್ದು, ರೊಟ್ಟೀದು, ಕಾಳಿಂದು, ಸೊಪ್ಪಿಂದು ನಾರು ಇರತೈತೆಲ್ಲಾ, ಅದನ್ನ ಕಣ್ಣಿಗೆ ಕಾಣದ ಹುಳಾ ಕೂಡಿ ಅಡಿಗಿ ಮಾಡ್ತಾವ. ಏನ್ ಅಡಿಗಿ ಗೊತ್ತೇನ್ರಿ? ಬ್ಯುಟಿರಿಕ್. ಆಗಳೆ ಒಡದ್ನೆಲ್ಲಾ, ಅದನ. ಮಂದಿ ಮೂಗು ಮುಚ್ಚೋ ಪದಾರ್ಥ, ಕರುಳಿಗೆ ಅದ ಹಬ್ಬದೂಟ."

"ಮತ್ತ ನಿಮಗ?"

"ನನ್ನಂಥವ್ರ ಕರುಳು ಅದನ್ನ ಉಣ್ಣಾಕ ಮರತೈತಿ ಅಂತ ಬರದಾರ್ರಿ. ಊಟಾ ಮುಂದ ಇರತೈತಿ, ತಗೊಳ್ಳಾಕ ಬರವಲ್ದು." ನಗಲು ನೋಡಿದರು. "ನಿಮ್ಮ ಮನ್ಯಾಗ ನಾ ಕುಂತಿದ್ನೆಲ್ಲಾ, ಹಂಗ."

ಆಗ ನನಗೆ ತಡೆಯಲಾಗಲಿಲ್ಲ. "ಸರ್, ನಮ್ಮವ್ವ ನೀವು ಜಾತಿ ನೋಡಿ ಉಣ್ಣಲಿಲ್ಲ ಅಂತ ತಿಳಕೊಂಡಾಳ" ಎಂದೆ.

ಬಸ್ಸಿನವರೆಲ್ಲ ಬೈದಾಗ ಬಾಡದ ಮುಖ ಆಗ ಬಾಡಿತು. "ಹೊಟ್ಟಿ ಸರಿ ಇಲ್ಲಂತ ನಾ ಖರೇನ ಹೇಳಿದ್ನೆಲ್ರಿ?"

"ಸುಳ್ಳು ಹೇಳಾವ್ರೂ ಅದನ್ನ ಹೇಳ್ತಾರ್ರಿ. ಅವ್ವಗ ಹೆಂಗ ಗೊತ್ತಾಗಬೇಕು?"

ಅವರು ಎದ್ದು ಪೆಟ್ಟಿಗೆ ಎತ್ತಿಕೊಂಡರು. ಮುಂದಿನ ಬಸ್ಸಿಗೆ ಕೈ ಮಾಡುವಾಗ, "ಅವ್ವಾರಿಗೆ ನೀವು ಏನೂ ಹೇಳಬ್ಯಾಡ್ರಿ. ನಾನ ಬಂದು ಹೇಳ್ತೇನಿ" ಎಂದರು.

ಮುಂದಿನ ರವಿವಾರ ಬಂದೇ ಬಿಟ್ಟರು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಡುಗೆ ಮನೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕೆರೆ ಏರಿಯ ಮೇಲೆ ನನಗೆ ಹೇಳಿದ್ದನ್ನೆಲ್ಲ, ರಕ್ತದ ಮಾತನ್ನೂ ಬಿಡದೆ, ತಲೆ ತಗ್ಗಿಸಿಕೊಂಡು ಹೇಳಿದರು. ಅವ್ವನ ಕೈ ಒಂದು ಸಲವೂ ನಿಲ್ಲಲಿಲ್ಲ. ಪೂರ್ತಿ ಕೇಳಿ, ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, "ಆತು ಬಿಡ್ರಿ ಅಯ್ನಾರ. ನಿಮ್ಮ ಹೊಟ್ಟಿ ನಿಮಗ ಗೊತ್ತು" ಎಂದಳು. ಬಹಳ ಮರ್ಯಾದೆಯ ದನಿ. ಎದುರಿನವರನ್ನು ನಂಬದೆ ಇದ್ದಾಗ ಅವಳು ತೆಗೆಯುವ ದನಿ ಅದು.

ಹಾಲಯ್ಯ ಸರ್‌ಗೂ ಅದು ತಿಳಿಯಿತು. ನನ್ನತ್ತ ಒಮ್ಮೆ ನೋಡಿದರು. ಆಮೇಲೆ ಒಳಗೆ ಬಂದು ಒಲೆಯ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು, "ಒಂದು ತಾಟು ಕೊಡ್ರಿ ಅವ್ವಾ" ಎಂದರು.

"ಸರ್, ಬ್ಯಾಡ್ರಿ" ಎಂದೆ.

"ಅಕ್ಕೋರ, ನೀವು ಸುಮ್ನಿರ್ರಿ."

ಬಿಸಿ ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯ, ಕೆಂಪು ಚಟ್ನಿ, ಹಸಿ ಉಳ್ಳಾಗಡ್ಡಿ. ಡಾಕ್ಟರರು ಬೇಡ ಎಂದದ್ದೆಲ್ಲವೂ ಆ ಒಂದು ತಾಟಿನಲ್ಲಿತ್ತು. ಅವರು ನಿಧಾನ ಉಂಡರು. ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಖಾರಕ್ಕೋ ಮತ್ತೇತಕ್ಕೋ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವ್ವ ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದುಕೊಂಡು ಅವರು ಉಣ್ಣುವುದನ್ನು ನೋಡುತ್ತ ಕುಳಿತಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ನೌಕರಿ ಸಿಕ್ಕಾಗಲೂ ಕಂಡಿರಲಿಲ್ಲ.

ಉಂಡು ಅವರು ತಾಟು ಹಿಡಿದು ಬಚ್ಚಲಿನತ್ತ ಹೋಗುವಾಗ ಅವ್ವ ದಡಬಡಿಸಿ ಎದ್ದು ಅದನ್ನು ಕಸಿದುಕೊಂಡಳು. "ಬಿಡ್ರಿ ಇಲ್ಲಿ. ನಮ್ಮನ್ಯಾಗ ಉಂಡಾವ್ರು ತಾಟ ತೊಳಿಯೂದಿಲ್ಲ."

ನಾಟಿಗೆ ಹೋದ ಮನೆಗಳಲ್ಲಿ ಅವ್ವನಿಗೆ ದನದ ಕೊಟ್ಟಿಗೆಯ ಗೂಡಿನಲ್ಲಿ ಒಂದು ತಾಟು ಇರುತ್ತಿತ್ತು. ಉಂಡು, ತೊಳೆದು, ಅಲ್ಲಿಯೇ ಕವುಚಿ ಇಟ್ಟು ಬರಬೇಕು. ಅದಕ್ಕೇ ತನ್ನ ಮನೆಯಲ್ಲಿ ಯಾರ ಕೈಯಿಂದಲೂ ಅವಳು ತಾಟು ತೊಳೆಸುತ್ತಿರಲಿಲ್ಲ.

ಮರುದಿನ ಪ್ರಯೋಗಶಾಲೆಗೆ ಬೀಗ. ಎರಡು ದಿನ ಕಳೆದು ಅವರನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ದರೆಂದು ತಿಳಿಯಿತು. ಆ ರೊಟ್ಟಿಯಿಂದಲೇ ಆಯಿತೋ, ಅದು ಹೇಗೂ ಬರುವುದಿತ್ತೋ, ಡಾಕ್ಟರರಿಗೂ ಹೇಳಲು ಬರಲಿಲ್ಲ. ಅವ್ವನಿಗೆ ಹೇಳಿದೆ.

"ಖರೇನ ಹೊಟ್ಟಿ ಸರಿ ಇರಲಿಲ್ಲೇನ?"

"ಇರಲಿಲ್ಲವ್ವ."

"ಮತ್ತ ಯಾಕ ಉಂಡ?"

"ನೀ ನಂಬಲಿ ಅಂತ."

ಅವ್ವ ಬಹಳ ಹೊತ್ತು ಒಲೆಯ ಬೂದಿಯನ್ನು ಕೆದಕಿದಳು. "ಹುಚ್ಚ ಅದಾನ" ಎಂದಳು. ಆ ರಾತ್ರಿ ಅವಳು ಉಣ್ಣಲಿಲ್ಲ.

ದವಾಖಾನೆಯಿಂದ ಬಂದ ಮೇಲೆ ಪ್ರತಿ ರವಿವಾರ ಅವರ ಊಟ ನಮ್ಮಲ್ಲಿ. ಅವ್ವ ಅಕ್ಕಿಯನ್ನು ಕರಗುವ ತನಕ ಬೇಯಿಸಿ, ಕಟ್ಟಿಗೆಯ ಸೌಟಿನಿಂದ ಹಿಸುಕಿ, ಉಪ್ಪು ಹಾಕಿ, ನೀರು ಮಜ್ಜಿಗೆ ಬಿಟ್ಟು ಕೊಡುತ್ತಿದ್ದಳು. ಕರುಳಿನ ಹುಳಗಳ ಅಡುಗೆಯ ಕಥೆ ಅವಳಿಗೆ ಬಹಳ ಹಿಡಿಸಿತ್ತು. "ಏನ್ರಿ ಅಯ್ನಾರ, ನಿಮ್ಮ ಹೊಟ್ಟ್ಯಾಗಿನ ಹುಳಾನೂ ಜಾತಿ ನೋಡ್ತಾವೇನ್ರಿ?" ಎಂದು ಒಮ್ಮೆ ಕೇಳಿದಳು. ಹಾಲಯ್ಯ ಸರ್ ಮಜ್ಜಿಗೆ ನೆತ್ತಿಗೇರುವ ಹಾಗೆ ನಕ್ಕರು. "ಇಲ್ಲವ್ವಾ. ಅವು ಒಂದು ಜಾತಿಯವು ಇದ್ರ ನಡಿಯೂದ ಇಲ್ಲ. ನೂರಾರು ನಮೂನಿಯವು ಕೂಡಿದ್ರನ ಅಡಿಗಿ" ಎಂದರು. "ಹಂಗಾರ ನಮ್ಮೂರಿಗಿಂತಾ ನಿಮ್ಮ ಕರುಳು ಚಲೋ ಐತಿ ಬಿಡ್ರಿ" ಎಂದಳು ಅವ್ವ.

ಊರು ಅಷ್ಟು ಚಲೋ ಇರಲಿಲ್ಲ. ನಮ್ಮ ಮನೆಯಲ್ಲಿ ಮಣೆ ಹಾಕಿಸಿಕೊಂಡ ಅಯ್ಯನವರನ್ನು ಮುಂದಿನ ಶ್ರಾವಣದಲ್ಲಿ ಯಾರೂ ಅಡ್ಡಗಟ್ಟಲಿಲ್ಲ. ಅವರು ಮುಖ್ಯ ರಸ್ತೆಯಲ್ಲೇ ಆರಾಮಾಗಿ ಓಡಾಡಿದರು. "ಅವ್ರ ಹೊಟ್ಟಿ ಆ ಒಂದ ಮನ್ಯಾಗ ಸರಿ ಇರತೈತಂತ" ಎಂದು ಸ್ಟಾಫ್ ರೂಮಿನಲ್ಲೇ ನಗೆಯಾಡಿದರು. ಊರಿಂದ ಅವರ ಅಣ್ಣ ಬಂದು, ತಮ್ಮನ ಮನೆಯೊಳಗೆ ಕಾಲಿಡದೆ, ಅಂಗಳದಲ್ಲೇ ಮಾತು ಮುಗಿಸಿ ಹೋದರು. ಬಾಡಿಗೆ ಮನೆಯೊಡತಿ ಮಗನ ಮದುವೆಯ ನೆಪ ಹೇಳಿ ಮನೆ ಬಿಡಿಸಿಕೊಂಡಳು. ಪಾಯಖಾನೆ ಇರುವ ಬೇರೆ ಮನೆ ಸಿಗಲಿಲ್ಲ. ಹಿರೇಕೆರೂರಿಗೆ ವರ್ಗ ಮಾಡಿಸಿಕೊಂಡು, ಅಣ್ಣನ ಊರಿನ ಹಾದಿಯಲ್ಲೇ, ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕೋಣೆ ಹಿಡಿದರು. ಅಣ್ಣನ ಮನೆಯಿಂದ ಕರೆ ಬಂತೇ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಆಮೇಲೆ ವರ್ಷಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. ಅವ್ವ ಮಾತ್ರ ರವಿವಾರ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುವುದನ್ನು ಬಿಡಲಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ಅವಳಿಗೆ ಜ್ವರ ಬಂತು, ಬಂದದ್ದು ಇಳಿಯಲಿಲ್ಲ. ಹಿರೇಕೆರೂರಿಗೆ ಸುದ್ದಿ ಕಳಿಸಿದೆ. ಕೋಣೆಗೆ ಬೀಗ ಇದೆ ಎಂದು ಹೋದವನು ಬಂದು ಹೇಳಿದ.

ಕೆಲವು ತಿಂಗಳು ಕಳೆದು, ಒಂದು ರವಿವಾರ ಬೆಳಿಗ್ಗೆ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಯಾವ ವಾಸನೆಯೂ ಬಂದಿರಲಿಲ್ಲ. ತಲೆ ಎತ್ತಿದರೆ ಹಾಲಯ್ಯ ಸರ್. ಪೌಡರ್ ಹಾಕಿಕೊಂಡಿದ್ದರು, ಮೈ ಸ್ವಲ್ಪ ತುಂಬಿತ್ತು. ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಅಂಗಿ.

"ಅಕ್ಕೋರ, ಆಪರೇಶನ್ ಆತು. ದೊಡ್ಡ ಕರುಳು ಪೂರಾ ತಗದ್ರು. ಇಲ್ಲೊಂದು ಚೀಲಾ ಕಟ್ಟ್ಯಾರ, ಇನ್ನ ಎಲ್ಲಾ ಅದರಾಗನ" ಎಂದು ಅಂಗಿಯ ಮೇಲಿಂದಲೇ ಹೊಟ್ಟೆಯ ಬಲಬದಿಯನ್ನು ಮುಟ್ಟಿ ತೋರಿಸಿದರು. "ಇನ್ನ ಬ್ಯುಟಿರಿಕ್ ಉಣ್ಣಾಂವನ ಇಲ್ಲ, ಉಣ್ಣವಲ್ಲ ಅನ್ನೂ ಚಿಂತಿನೂ ಇಲ್ಲ. ನಿಧಾನ ಅಗದು ತಿಂದ್ರ ರೊಟ್ಟಿನೂ ನಡೀತೈತಿ ಅಂದಾರ ಡಾಕ್ಟರು. ಎಲ್ಲಿದಾರ ಅವ್ವಾರ? ಇವತ್ತ ಗಂಜಿ ಬ್ಯಾಡ, ರೊಟ್ಟಿ ಬಡೀರಿ ಅಂತ ಹೇಳ್ರಿ."

ನಾನು ಗೋಡೆಯತ್ತ ನೋಡಿದೆ. ಬುದ್ಧನ ಪಟದ ಪಕ್ಕ ಅವ್ವನ ಫೋಟೋ ಇತ್ತು. ಅವರೂ ನೋಡಿದರು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ಕೆಳಗೆ ಕುಳಿತರು.

ನಾನು ಒಲೆ ಹೊತ್ತಿಸಿದೆ. ನನ್ನ ರೊಟ್ಟಿ ಅವ್ವ ಇದ್ದಾಗಿನಿಂದಲೂ ನಗೆಪಾಟಲು. ಅಂಚು ಹರಿದು, ನಡುವೆ ದಪ್ಪ, ಒಂದೂ ಉಬ್ಬಲಿಲ್ಲ. ಅವ್ವ ಕೂರುತ್ತಿದ್ದ ಜಾಗವನ್ನು ಖಾಲಿ ಬಿಟ್ಟು ಅವರು ಅದರ ಎದುರಿಗೆ ಕುಳಿತರು. ಒಂದೊಂದು ತುತ್ತನ್ನೂ ಹೇಳಿದ ಹಾಗೆ ಅಗಿದು ಅಗಿದು ಉಂಡರು. "ಚಲೋ ಆಗೈತ್ರಿ" ಎಂದರು. ಆಗಿರಲಿಲ್ಲ.

ಉಂಡು ಎದ್ದು ತಾಟು ಹಿಡಿದು ಬಚ್ಚಲ ಬಾಗಿಲಿಗೆ ಹೋದರು. ಅಲ್ಲಿ ನಿಂತರು. ಅಡುಗೆ ಮನೆಯ ಕಡೆಗೆ ಸ್ವಲ್ಪ ತಿರುಗಿ, ಏನನ್ನೋ ಕೇಳಿಸಿಕೊಳ್ಳುವ ಹಾಗೆ ನಿಂತೇ ಇದ್ದರು. ಅವರು ಯಾವ ಮಾತಿಗೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಬಿಡ್ರಿ ಸರ್ ಎನ್ನಬೇಕೆಂದು ಬಾಯಿ ತೆರೆದೆ. ಅವರು ಬಗ್ಗಿ, ಹಂಡೆಯಿಂದ ನೀರು ತೆಗೆದು, ತಾಟನ್ನು ತೊಳೆದು, ಗೋಡೆಗೆ ಆನಿಸಿ ಇಟ್ಟರು.

"ಬರ್ತೇನಿ ಅಕ್ಕೋರ" ಎಂದರು. ಬಸ್ ಸ್ಟ್ಯಾಂಡಿನವರೆಗೆ ಹೋದೆ. ಬಾಗಿಲ ಪಕ್ಕದ ಸೀಟು ಖಾಲಿ ಇದ್ದರೂ ಅವರು ಅದನ್ನು ದಾಟಿ, ನಡುವೆ, ಕಿಟಕಿಯ ಹತ್ತಿರ ಹೋಗಿ ಕುಳಿತರು. ಒಬ್ಬ ರೈತ ಬಂದು ಅವರ ಪಕ್ಕದಲ್ಲಿ ಕುಳಿತ. ಅದನ್ನು ನನಗೆ ಕಿಟಕಿಯಿಂದಲೇ ಕಣ್ಣಲ್ಲಿ ತೋರಿಸಿ ನಕ್ಕರು. ಅವರನ್ನು ನೋಡಿದ್ದು ಅದೇ ಕೊನೆ. ಮರುವರ್ಷ ಅವರು ತೀರಿಕೊಂಡ ಸುದ್ದಿ ಮಣ್ಣೆಲ್ಲ ಆಗಿ ಎಷ್ಟೋ ದಿನದ ಮೇಲೆ ನನಗೆ ತಲುಪಿತು.

ಈಗ ಮನೆಯಲ್ಲಿ ನಾನೊಬ್ಬಳೇ. ಉಂಡ ಮೇಲೆ ತಾಟು ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುವುದು ನನಗೂ ಅಭ್ಯಾಸವಾಗಿದೆ. ಬ್ಯಾಡ ಅನ್ನುವವರು ಯಾರೂ ಇಲ್ಲ. ತೊಳೆದು ಇಡುತ್ತೇನೆ.